ತಾರವ್ವ ನೇಯ್ದ ಸೀರೆ

ಬನಹಟ್ಟಿಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದ ಕೃಷ್ಣಾಜಿ ಮಾಸ್ತರ ನಾನು. ಯಾರು ಬಾಯಿ ತೆರೆದರೂ ತಿದ್ದುವ ಚಟ. ಅದನ್ನೇ ದೊಡ್ಡ ಗುಣ ಎಂದುಕೊಂಡು ಮೆರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೋದ ವರ್ಷ ರಬಕವಿಯಿಂದ ತಾರವ್ವ ಬಂದಳು. ನನ್ನ ಹಳೆಯ ವಿದ್ಯಾರ್ಥಿಯಾದ ನೇಕಾರ ಅಂದಾನೆಪ್ಪನ ಹೆಂಡತಿ. ಮುಧೋಳದಲ್ಲಿ ಹೊಸದಾಗಿ ತೆರೆಯುತ್ತಿದ್ದ ತರಬೇತಿ ಕೇಂದ್ರಕ್ಕೆ ಕೈಮಗ್ಗ ಕಲಿಸುವವರು ಬೇಕಾಗಿದ್ದರು. ನಡೆಸುವವರು ದಿಲ್ಲಿಯವರಾದ್ದರಿಂದ ಸಂದರ್ಶನ ಇಂಗ್ಲಿಷಿನಲ್ಲಿ, ಅದೂ ವಿಡಿಯೋ ಕರೆಯಲ್ಲಿ.

"ನಾಕ್ ಮಾತು ಕಲಿಸ್ರಿ ಸರ್. ಈ ನೌಕರಿ ಸಿಕ್ರ ನಮ್ಮನಿ ನಡೀತೈತ್ರಿ" ಎಂದಳು.

ಕಲಿಸಿದೆ. ಕೆಲಸ ಮುಗಿದಿದೆ, ಆದರೆ ಅದರ ಫಲ ಈಗಲೂ ಕಣ್ಣೆದುರಿಗಿದೆ ಎನ್ನುವಲ್ಲಿ 'ಹ್ಯಾವ್' ಬರಬೇಕು. 'ನಿನ್ನೆ', 'ಹೋದ ವಾರ' ಎಂದು ಜೊತೆಗೆ ಸೇರಿಸಬಾರದು ಎಂದೆ. ಅವಳು ನನ್ನ ಮುಂದಿನ ಕಪ್ಪಿನೊಳಗೆ ಇಣುಕಿದಳು.

"ಕಪ್ ಖಾಲಿ ಐತಿ. ಯೂ ಹ್ಯಾವ್ ಡ್ರಂಕ್ ಟೀ. ಹೌದಲ್ರಿ?"

ಮೂವತ್ತೆರಡು ವರ್ಷದಲ್ಲಿ ಇಷ್ಟು ಬೇಗ ಹಿಡಿದವರನ್ನು ನಾನು ಕಂಡಿರಲಿಲ್ಲ.

ಮೂರನೆಯ ದಿನ ನೋಟ್‌ಬುಕ್ಕಿನಲ್ಲಿ ಬರೆದು ತಂದಳು: 'ಐ ಹ್ಯಾವ್ ವೋವನ್ ಮೆನಿ ಸಾರೀಸ್.' ವ್ಯಾಕರಣದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಆದರೂ ಸಿಟ್ಟು ಬಂತು. ನಮ್ಮ ಕಡೆ ಮಗ್ಗಕ್ಕೆ ಕೂರುವವನು ಗಂಡಸು. ಹೆಂಗಸು ಅವನ ಪಕ್ಕದಲ್ಲಿ ಕುಳಿತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿ ಕೊಡುವವಳು. ನಾನು ಹುಟ್ಟಿದಾಗಿನಿಂದ ನೋಡಿದ್ದೇ ಅದು.

"ಇದು ತಪ್ಪ್ ತಾರವ್ವ. ನೇಯ್ದಾಂವ ಅಂದಾನೆಪ್ಪ. ನೀ ಕಂಡಿಕಿ ಸುತ್ತಿದಾಕಿ. ಇಂಗ್ಲೀಷಿನ್ಯಾಗ ಹಂಗ ಬರೀಬೇಕು" ಎಂದು ಆ ಸಾಲನ್ನು ಹೊಡೆದುಹಾಕಿ, 'ನನ್ನ ಗಂಡ ನೇಯ್ದಿದ್ದಾರೆ, ನಾನು ನೆರವಾಗಿದ್ದೇನೆ' ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಅವಳು ತಲೆ ತಗ್ಗಿಸಿ ಅದನ್ನೇ ನಕಲು ಮಾಡಿಕೊಂಡಳು. ಸಿಕ್ಕಿಬಿದ್ದಳು ಎಂದುಕೊಂಡೆ ನಾನು.

ಸಂದರ್ಶನ ನಮ್ಮ ಮನೆಯಲ್ಲೇ, ನನ್ನ ಫೋನಿನಲ್ಲೇ ನಡೆಯಿತು. ನಾನು ಬರೆದುಕೊಟ್ಟಿದ್ದನ್ನು ಒಂದಕ್ಷರ ತಪ್ಪದೆ ಹೇಳಿದಳು. ಆ ಕಡೆಯ ಹೆಂಗಸು ನಕ್ಕು, ಹಾಗಾದರೆ ನಿಮ್ಮ ಯಜಮಾನರನ್ನೇ ಕಳಿಸಿ ಎಂದರು. ಅಂದಾನೆಪ್ಪನಿಗೆ ನೌಕರಿ ಸಿಕ್ಕಿತೆಂದು ನಾನು ತಾರವ್ವನ ಕೈಗೆ ಪೇಢೆ ಇಟ್ಟೆ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು.

ತಿಂಗಳಾದರೂ ಸುದ್ದಿಯಿಲ್ಲದ್ದಕ್ಕೆ ರಬಕವಿಗೆ ಹೋದೆ. ಮಗ್ಗದಲ್ಲಿ ತಾರವ್ವ ಕುಳಿತಿದ್ದಳು. ಪಕ್ಕದಲ್ಲಿ ಅಂದಾನೆಪ್ಪ ಕಂಡಿಕೆ ಸುತ್ತುತ್ತಿದ್ದ. ಬೆರಳು ನಡುಗಿ ನೂಲು ಜಾರುತ್ತಿತ್ತು.

"ಮೂರ್ ವರ್ಷಾತ್ರಿ ಸರ್, ಕೈ ಹಿಂಗ ನಡಗಾಕತ್ತಿ. ಆವಾಗಿಂದ ಎಲ್ಲಾ ಸೀರಿ ಈಕೀನ ನೇಯ್ತಾಳ್ರಿ" ಎಂದ ಅಂದಾನೆಪ್ಪ.

ಅಲ್ಲೇ ನಿಂತು ಕೇಂದ್ರಕ್ಕೆ ಫೋನ್ ಮಾಡಿದೆ. ಬೇರೆಯವರನ್ನು ತೆಗೆದುಕೊಂಡಾಗಿದೆ ಎಂದರು.

"ಆವತ್ತ ನನಗ್ಯಾಕ ಹೇಳ್ಲಿಲ್ಲವಾ?" ಎಂದು ತಾರವ್ವನನ್ನು ಕೇಳಿದೆ.

ಅವಳು ಮಗ್ಗ ನಿಲ್ಲಿಸಿದಳು. "ನೀವು ತಪ್ಪಂದ್ರಿ ಸರ್. ಇಂಗ್ಲೀಷಿನ್ಯಾಗ ಹೆಣ್ಮಕ್ಕಳು ನೇಯಂಗಿಲ್ಲ ಅನ್ಕೊಂಡ್ನಿರಿ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ಹಾಗೆಂದೇ ನಂಬಿದ್ದಳು.