ಬಾವಿ ನೀರಿನ ಅಳತೆ

ಶಿರಾ ಗೇಟಿನಿಂದ ಸ್ವಲ್ಪ ಒಳಗೆ, ಟಯರ್ ಅಂಗಡಿಗೂ ಬೂಸಾ ಮಂಡಿಗೂ ನಡುವೆ ರಾಮಾಂಜಿನಯ್ಯನ ವರ್ಕ್‌ಶಾಪು. ಮೊದಲೆಲ್ಲ ಅಲ್ಲಿಗೆ ಬರುತ್ತಿದ್ದದ್ದು ಬಾವಿ ದಡದ ಡೀಸೆಲ್ ಪಂಪ್‌ಸೆಟ್ಟುಗಳು. ಆಮೇಲೆ ಟ್ರ್ಯಾಕ್ಟರು, ಟೆಂಪೋ ಬಂದವು. ಈಗ ಕಾರುಗಳೂ ಬರುತ್ತವೆ. ಏನೇ ಬರಲಿ, ಪಿಸ್ಟನ್ ರಿಂಗ್ ಕೂರಿಸುವ ಕೆಲಸವನ್ನು ಮಾತ್ರ ಅವನು ಬೇರೆಯವರ ಕೈಗೆ ಕೊಡುವುದಿಲ್ಲ.

ಪಿಸ್ಟನ್ನಿನ ಸುತ್ತ ಕೂತು ಗಾಳಿ ಕೆಳಕ್ಕೂ ಆಯಿಲು ಮೇಲಕ್ಕೂ ಸೋರದಂತೆ ತಡೆಯುವ ಈ ರಿಂಗೆಂದರೆ ಪೂರ್ತಿ ಮುಚ್ಚಿದ ಬಳೆಯಲ್ಲ, ಒಂದು ಕಡೆ ಕತ್ತರಿಸಿದ ಬಳೆ. ಸಿಲಿಂಡರಿನೊಳಕ್ಕೆ ಇಳಿಸಿದಾಗ ಅದರ ಎರಡು ತುದಿಗಳು ಹತ್ತಿರ ಬಂದು ನಡುವೆ ಒಂದಿಷ್ಟು ಸಂದು ಉಳಿಯುತ್ತದೆ. ಆ ಸಂದನ್ನು ಎಷ್ಟು ಬಿಡಬೇಕು ಎನ್ನುವುದರಲ್ಲೇ ರಾಮಾಂಜಿನಯ್ಯನ ಹೆಸರಿತ್ತು. ಅವನು ಒಂದು ಸೈಜು ದೊಡ್ಡ ರಿಂಗು ತರಿಸಿ, ತುದಿಗಳನ್ನು ಅರದಲ್ಲಿ ಉಜ್ಜಿ ಉಜ್ಜಿ, ಕಂಪನಿಯವರು ಹೇಳಿದ್ದಕ್ಕಿಂತಲೂ ಬಿಗಿಯಾಗಿ ಕೂರಿಸುತ್ತಿದ್ದ. ಅವನು ಕೂರಿಸಿದ ಎಂಜಿನ್ನು ಹೊಗೆ ಬಿಡುವುದಿಲ್ಲ ಎಂದು ಕೋರ ಊರಿನ ಕಡೆಯವರೂ ಗುಬ್ಬಿ ಕಡೆಯವರೂ ಹೇಳುತ್ತಿದ್ದರು.

ಹೊಗೆ ಬಿಟ್ಟದ್ದು ಒಂದೇ ಒಂದು ಗಾಡಿ. ಅದು ಅವನ ಅಕ್ಕನ ಮಗಳು ಸಂಧ್ಯಾಳದು.

ಸಂಧ್ಯಾ ಗುಬ್ಬಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು. ಸಿ.ಎಸ್. ಪುರದ ಮನೆಯಿಂದ ಹೊರಟು ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಸೂಜಿ ಹಾಕಿ ಬರುತ್ತಾಳೆ, ಹಳ್ಳಿಯವರ ಬಾಯಲ್ಲಿ ದನದ ಡಾಕ್ಟರಮ್ಮ. ಅದಕ್ಕೆ ಒಂದು ಸಣ್ಣ ಪೆಟ್ರೋಲ್ ಕಾರಿದೆ. ಅದೇ ಕಾರಿಗೆ ದೊಡ್ಡ ಟರ್ಬೋ ಕೂರಿಸಿಕೊಂಡು ಕುಣಿಗಲ್ ಆಚೆಯ ಖಾಸಗಿ ಟ್ರ್ಯಾಕಿನಲ್ಲಿ ರೇಸಿಗೂ ಇಳಿಯುತ್ತಾಳೆ. ಆ ವರ್ಷ ಎರಡು ಸಲ ಇಳಿದಳು. ಎರಡು ಸಲವೂ ಅರ್ಧ ಓಟದಲ್ಲಿ ನೀಲಿ ಹೊಗೆ ಎದ್ದು, ರಿಂಗು ಮುರಿದು ಪಿಸ್ಟನ್ನೂ ಕೆಟ್ಟು, ಕಾರನ್ನು ಹಗ್ಗ ಕಟ್ಟಿ ಎಳೆತರಬೇಕಾಯಿತು. ಟ್ರ್ಯಾಕು ನಡೆಸುವ ಕೃಷ್ಣಕುಮಾರ್ ಫೋನ್ ಮಾಡಿ ನಯವಾಗಿಯೇ ಹೇಳಿದ್ದ: "ಕೊನೇ ರೇಸ್ ಒಂದಿದೆ ಮೇಡಂ. ಇದನ್ನೂ ಮುಗಿಸ್ಲಿಲ್ಲ ಅಂದ್ರೆ ಮುಂದಿನ ವರ್ಷ ನಿಮ್ಮನ್ನ ಕರೆಯೋಕಾಗಲ್ಲ. ಟ್ರ್ಯಾಕ್ ಮೇಲೆ ಆಯಿಲ್ ಚೆಲ್ಲಿದ್ರೆ ಬೇರೆಯವ್ರಿಗೆ ತೊಂದ್ರೆ."

ಈಗ ಎಂಜಿನ್ನು ಬಿಚ್ಚಿ ಬೆಂಚಿನ ಮೇಲೆ ಹರಡಿತ್ತು. ರಾಮಾಂಜಿನಯ್ಯ ಹೊಸ ರಿಂಗಿನ ಡಬ್ಬಿ ತಂದಿಟ್ಟ.

"ಕ್ರೋಮ್ ರಿಂಗು. ಎಂಥಾ ದೂಳಿಗೂ ಜಗ್ಗಲ್ಲ."

"ಮಾವ, ಎರಡು ಸಾರೀನೂ ಅದ್ನೇ ಅಲ್ವಾ ಹಾಕಿದ್ದು?"

"ಅದ್ಕೇನೀಗ? ರಿಂಗ್ ಹಾಕ್ದೋನ್ ತಪ್ಪಾ, ಹಂಗೆ ಎಕ್ಸಲೇಟರ್ ತುಳ್ದೋಳ್ ತಪ್ಪಾ?"

"ರೇಸಲ್ಲಿ ತುಳೀದೆ ಮುತ್ತಿಡಾಕಾಯ್ತದಾ?"

ಪಕ್ಕದ ಟಯರ್ ಅಂಗಡಿಯವರು ನಕ್ಕರು. ರಾಮಾಂಜಿನಯ್ಯ ನಗಲಿಲ್ಲ.

ಸಂಧ್ಯಾ ಕುರ್ಚಿ ಎಳೆದುಕೊಂಡು ಕೂತಳು. ರಿಂಗಿನ ವಿಷಯವನ್ನು ಅವಳು ತಿಂಗಳುಗಟ್ಟಲೆ ಓದಿದ್ದಳು, ಬೆಂಗಳೂರಿನ ರೇಸಿನವರನ್ನು ಕೇಳಿದ್ದಳು. "ದೂಳಿನ ಮಾತು ನೀನು ಹೇಳೋದು ಸರಿ ಮಾವ. ಬರೀ ಟ್ರ್ಯಾಕಲ್ಲಿ ಓಡೋ ಗಾಡಿಗೆ ಮಾಲಿಬ್ಡಿನಮ್ ಲೋಹ ಹಚ್ಚಿದ ರಿಂಗ್ ಹಾಕ್ತಾರೆ. ಅದು ಬಿಸಿ ತಡೀತದೆ, ದೂಳು ತಡೆಯಲ್ಲ. ಭಾನುವಾರ ಗೆದ್ದು ಸೋಮವಾರ ಹಸ ನೋಡಾಕೆ ಹೋಗೋಳ್ಗೆ ಅದು ಬ್ಯಾಡ. ಮೇಲ್ಗಡೆ ರಿಂಗು ಸ್ಟೀಲಿಂದು ಹಾಕಾಣ. ಮೈ ಗಟ್ಟಿ ಮಾಡಿರ್ತಾರೆ, ದೂಳಿಗೂ ಆಯ್ತದೆ, ಬಿಸೀಗೂ ಆಯ್ತದೆ. ತಳದಲ್ಲಿ ಆಯಿಲ್ ಒರೆಸೋ ರಿಂಗು ಮಾಮೂಲಿದೇ ಇರ್ಲಿ. ರೇಸಿನೋರು ಸಡಿಲ ಹಾಕ್ತಾರೆ, ನಮ್ಗೆ ಅದ್ರಿಂದ ದಿನಾ ಆಯಿಲ್ ಸುಡ್ತದೆ."

"ಹಾಕಾಣ ಬುಡು. ಸ್ಟೀಲೂ ಒಂದೇ, ಕ್ರೋಮೂ ಒಂದೇ ನಂಗೆ."

"ಸಂದು ಮಾತ್ರ ಜಾಸ್ತಿ ಬುಡ್ಬೇಕು. ನೀನು ಬುಡೋದ್ರ ಎರಡರಷ್ಟು."

ರಾಮಾಂಜಿನಯ್ಯ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. "ಎರಡರಷ್ಟಾ? ನಿಮ್ಮವ್ವ ಹಿಟ್ಟು ಜರಡಿ ಹಿಡೀತಾಳಲ್ಲ, ಅದ್ನೇ ತಂದು ಸಿಲಿಂಡ್ರಿಗಾಕು. ಗಾಳಿ ಎಲ್ಲಾ ಕೆಳೀಕೆ ಹೋಯ್ತದೆ ಕಣಮ್ಮಣ್ಣಿ. ಈ ಶಿರಾ ಗೇಟಲ್ಲಿ ನಾನು ತಲೆ ಎತ್ಕೊಂಡು ಓಡಾಡ್ಬೇಕೋ ಬ್ಯಾಡ್ವೋ?"

"ಟರ್ಬೋ ಗಾಳಿ ತುರುಕ್ತದೆ ಮಾವ. ಬಿಸಿ ಜಾಸ್ತಿ. ಬಿಸೀಗೆ ರಿಂಗು ಹಿಗ್ತದೆ, ಹಿಗ್ಗಾಕೆ ಜಾಗ ಇಲ್ದೇ—"

"ನಂಗೇ ಪಾಠ ಹೇಳ್ತೀಯಾ? ಕೋರಕ್ಕೋಗಿ ಕೇಳು, ನನ್ ಅಳತೆ ಎಂಥದ್ದು ಅಂತ."

ಕೇಳುವ ಸಂದರ್ಭ ಆ ವಾರವೇ ಬಂತು. ಕೋರದ ವೆಂಕಟರಂಗಯ್ಯನ ತೋಟದ ಕಡೆ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಇರಲಿಲ್ಲ. ಮೂಲೆಗೆ ಬಿದ್ದಿದ್ದ ಹಳೇ ಡೀಸೆಲ್ ಪಂಪ್‌ಸೆಟ್ಟನ್ನು ತೆರೆದ ಬಾವಿಯ ಮೇಲೆ ಚಾಲೂ ಮಾಡಬೇಕು, ಒಂದು ಸಲ ಬಂದು ನೋಡಿ ಎಂದು ಅವನು ಫೋನ್ ಮಾಡಿದ. ಸಂಧ್ಯಾಗೆ ರಜೆಯಿತ್ತು. ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು.

ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ತೊಳೆದು ಹಾಕಿದ ಮೇಲೆ ಎಂಜಿನ್ನು ಎರಡು ಸಲ ಕೆಮ್ಮಿ ಹಿಡಿಯಿತು. ಬಾವಿಯ ನೀರು ತೊಟ್ಟಿಗೆ ದಬದಬ ಬಿದ್ದು ತೆಂಗಿನ ಸಾಲಿನ ಕಡೆ ಹರಿಯತೊಡಗಿತು. ವೆಂಕಟರಂಗಯ್ಯ ಖುಷಿಯಿಂದ ಎಳನೀರು ಕೆತ್ತಿ ಕೊಟ್ಟ.

"ನಿಮ್ಮಾವ ನಮ್ಮಪ್ಪನ್ ಕಾಲ್ದಲ್ಲಿ ಹಾಕಿದ್ ರಿಂಗು ಕಣವ್ವಾ. ನೋಡು, ಊದುಬತ್ತಿಯಷ್ಟೂ ಹೊಗೆ ಇಲ್ಲ."

ರಾಮಾಂಜಿನಯ್ಯ ಎಳನೀರು ಕುಡಿಯುತ್ತ ಸೋದರ ಸೊಸೆಯ ಕಡೆ ಹುಬ್ಬು ಹಾರಿಸಿದ. ಮಧ್ಯಾಹ್ನದ ತನಕ ಪಂಪು ಓಡುತ್ತಲೇ ಇತ್ತು. ಊಟ ಮಾಡಿಕೊಂಡೇ ಹೋಗಬೇಕೆಂದು ವೆಂಕಟರಂಗಯ್ಯನ ಮನೆಯವರು ಬಿಡಲಿಲ್ಲ. ಊಟವಾದ ಮೇಲೆ ಸಂಧ್ಯಾ ಕೈ ತೊಳೆಯಲು ತೊಟ್ಟಿಗೆ ಬಂದವಳು, ಜ್ವರ ಬಂದ ಹಸುವಿನ ಕಿವಿ ಮುಟ್ಟಿ ನೋಡುವ ಅಭ್ಯಾಸದಲ್ಲಿ, ಸುಮ್ಮನೆ ಎಂಜಿನ್ನಿನ ಮೈ ಮುಟ್ಟಿದಳು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕಾಗಲಿಲ್ಲ. ಅಂಗೈ ಪೂರ್ತಿ ಊರಿ ನಿಂತಳು. ಆಗಷ್ಟೇ ಕರೆದ ಹಾಲಿನಷ್ಟು ಬೆಚ್ಚಗಿತ್ತು.

ಅವಳು ಬಗ್ಗಿ ನೋಡಿದಳು. ಪಂಪಿನ ದೊಡ್ಡ ಪೈಪಿನಿಂದ ಒಂದು ಸಣ್ಣ ಪೈಪು ಕವಲೊಡೆದು ಎಂಜಿನ್ನಿನ ಮೈಯೊಳಕ್ಕೆ ಹೋಗಿತ್ತು. ಬಾವಿಯ ತಣ್ಣೀರು ಒಂದು ಕಡೆ ಒಳಗೆ ಹೋಗಿ, ಇನ್ನೊಂದು ಕಡೆ ಹೊರಗೆ ಬಂದು ತೊಟ್ಟಿಗೇ ಬೀಳುತ್ತಿತ್ತು.

"ಮಾವ, ಬಾ ಇಲ್ಲಿ. ಕೈ ಇಡು."

"ಏನಾಯ್ತು?" ರಾಮಾಂಜಿನಯ್ಯ ಬಾಯೊರೆಸಿಕೊಳ್ಳುತ್ತ ಬಂದು ಕೈಯಿಟ್ಟ. "ಚೆನ್ನಾಗೇ ಅದಲ್ಲ."

"ಬೆಳಗ್ಗಿಂದ ಓಡ್ತಾ ಅದೆ. ಇದ್ಕೆ ಜ್ವರಾನೇ ಬಂದಿಲ್ಲ."

"ಹೊಸ ತಣ್ಣೀರು ಬತ್ತಾನೇ ಇರ್ತದಲ್ಲ, ಹೆಂಗ್ ಬಂದಾತು?"

"ಅದೇ ನಾನು ಹೇಳಾದು. ನಿನ್ ಅಳತೆ ತಪ್ಪಲ್ಲ ಮಾವ. ಅದು ಬಾವಿ ನೀರಿನ ಅಳತೆ. ಇಲ್ಲಿ ರಿಂಗು ಹಿಗ್ಗೋದೇ ಇಲ್ಲ, ಬಿಗಿಯಾಗಿದ್ರೂ ನಡೀತದೆ. ನನ್ ಕಾರಿಗೆ ಬಾವಿ ಇಲ್ವಲ್ಲ."

ರಾಮಾಂಜಿನಯ್ಯ ಎಂಜಿನ್ನಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಅವನು ಕೆಲಸ ಕಲಿತದ್ದು ಪೂರ್ತಿ ಇಂಥ ಬಾವಿಗಳ ದಡದಲ್ಲಿ. ಟ್ರ್ಯಾಕ್ಟರು, ಟೆಂಪೋ ಬಂದಾಗಲೂ ಅದೇ ಅಳತೆ ಹಾಕಿದ್ದ. ಅವು ಹೇಗೋ ತಡೆದುಕೊಂಡಿದ್ದವು, ಇವನು ಯೋಚಿಸಬೇಕಾದ ಪ್ರಮೇಯವೇ ಬಂದಿರಲಿಲ್ಲ.

ವರ್ಕ್‌ಶಾಪಿಗೆ ಬಂದವನೇ ಮುರಿದ ರಿಂಗುಗಳನ್ನು ಹಾಕಿದ್ದ ತಗಡಿನ ತಟ್ಟೆ ಎತ್ತಿಕೊಂಡು ಬಾಗಿಲ ಬಿಸಿಲಿಗೆ ಹೋಗಿ ಕೂತ. ಒಂದೊಂದೇ ತುಂಡಿನ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಅವನ ಅರದ ಗೆರೆಗಳು ಅಲ್ಲಿ ಉಳಿದಿರಲಿಲ್ಲ. ಎರಡು ತುದಿಗಳೂ ಒಂದನ್ನೊಂದು ಗುದ್ದಿ ಗುದ್ದಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ಟಗರಂಗೆ ಗುದ್ದಾಡವೆ ಕಣಮ್ಮಣ್ಣಿ," ಎಂದ. ಆ ಮಾತಿಗೆ ಅವನಿಗೇ ನಗು ಬಂತು. "ಮುಂಚೇನೇ ಮುಟ್ಟಿ ನೋಡ್‌ಬಾರ್ದಿತ್ತಾ ನೀನು ಆ ಪಂಪ್‌ಸೆಟ್ನ? ಎರಡು ಪಿಸ್ಟನ್ ಉಳೀತಿದ್ವು."

ಸ್ಟೀಲ್ ರಿಂಗುಗಳು ಬಂದವು. ಸಿಲಿಂಡರುಗಳ ಒಳಮೈ ಉಜ್ಜಿಸಿ ಹೊಸದಾಗಿ ಹೋನ್ ಮಾಡಿಸಿದ್ದಾಯಿತು. ರಾಮಾಂಜಿನಯ್ಯ ಮೊದಲ ರಿಂಗನ್ನು ಸಿಲಿಂಡರಿನೊಳಕ್ಕಿಟ್ಟು, ಅದು ಸೊಟ್ಟ ಕೂರದ ಹಾಗೆ ಪಿಸ್ಟನ್ನನ್ನು ತಲೆಕೆಳಗು ಮಾಡಿ ತಳ್ಳಿದ. ಸಂದಿಗೆ ಅದನ್ನು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸಿದ. ತೆಗೆದ, ಉಜ್ಜಿದ, ಮತ್ತೆ ಇಟ್ಟು ನೋಡಿದ. ಅರ ಯಾವಾಗಲೂ ಹೊರಮೈಯಿಂದ ಒಳಕ್ಕೇ ಹೋಗಬೇಕು. ಎದುರಾಗಿ ಉಜ್ಜಿದರೆ ಅಂಚು ಚಕ್ಕೆ ಏಳುತ್ತದೆ. ಅವಸರವಿಲ್ಲದ ಕೆಲಸ. ಹಳೇ ಅಳತೆಗೆ ಬಂದ ಕೂಡಲೇ ಅವನ ಕೈ ತಾನಾಗಿಯೇ ನಿಂತಿತು. ಸಂಧ್ಯಾ ನೋಡಿದಳು.

"ಕೈ ಕೇಳಾಕಿಲ್ಲ ನೋಡು," ಎಂದು ಅವನೇ ಅಂದು ಮತ್ತೆ ಉಜ್ಜತೊಡಗಿದ.

ಎರಡನೇ ರಿಂಗಿನ ಸಂದು ಮೊದಲನೆಯದಕ್ಕಿಂತ ಒಂದು ಕೂದಲು ಜಾಸ್ತಿ ಇರಲಿ ಎಂದಳು ಅವಳು. ಯಾಕೆ ಎಂದು ಅವನು ಕೇಳಿದ. ಮೇಲಿನ ರಿಂಗು ದಾಟಿ ಬಂದ ಗಾಳಿ ಎರಡರ ನಡುವೆ ಸಿಕ್ಕಿಕೊಂಡರೆ ಮೇಲಿನದನ್ನು ಎತ್ತಿಬಿಡುತ್ತದೆ ಎಂದಳು. ರಾಮಾಂಜಿನಯ್ಯ ಅರವನ್ನು ಕೈಯಲ್ಲೇ ಹಿಡಿದು ಯೋಚಿಸಿದ. "ಬಂದೋನ್ಗೆ ಹೋಗಾಕೆ ದಾರಿ ಬುಡ್ಬೇಕು, ಸರಿ," ಎಂದ.

ಎಂಜಿನ್ನು ಕೂರಿಸಿದ ಮೇಲೆ ಸಂಧ್ಯಾ ಕುಣಿಗಲ್ ರಸ್ತೆಯಲ್ಲಿ ಕಾರನ್ನು ಜೋರಾಗಿ ಓಡಿಸಿ ಕಾಲು ಬಿಟ್ಟು, ಮತ್ತೆ ಓಡಿಸಿ ಬಿಟ್ಟು ರಿಂಗುಗಳನ್ನು ಹದಕ್ಕೆ ತಂದಳು. ಆಮೇಲೆ ಎಂದಿನಂತೆ ಹಳ್ಳಿಗಳಿಗೂ ಹೋಗಿ ಬಂದಳು. ಆಯಿಲಿನ ಮಟ್ಟ ಇಳಿಯಲಿಲ್ಲ.

ರೇಸಿನ ದಿನ ಬಿಸಿಲು ಸುಡುತ್ತಿತ್ತು. ಕೃಷ್ಣಕುಮಾರ್ ಮೈಕು ಹಿಡಿದೇ ಕೂಗಿದ: "ಸಿ.ಎಸ್. ಪುರ ಎಕ್ಸ್‌ಪ್ರೆಸ್ ಬಂದಿದೆ! ರಾಮಾಂಜಿನಯ್ಯನೋರೇ, ಎಳೆಯೋ ಹಗ್ಗ ಮರೀದೇ ತಂದ್ರಾ?"

"ತಂದಿವ್ನಿ ಸಾರ್. ನಿಮ್ಮೋವು ಯಾವ್ದಾರ ನಿಂತ್ರೆ ಬೇಕಾಯ್ತದಲ್ಲ."

ಜನ ಹೋ ಎಂದರು. ಆದರೆ ಓಟ ಶುರುವಾದ ಮೇಲೆ ರಾಮಾಂಜಿನಯ್ಯ ತಮಾಷೆ ಬಿಟ್ಟ. ತಂತಿ ಬೇಲಿ ಹಿಡಿದು ನಿಂತವನು ಬೇರೆ ಯಾವ ಕಾರನ್ನೂ ನೋಡಲಿಲ್ಲ. ಸೊಸೆಯ ಕಾರಿನ ಸೈಲೆನ್ಸರಿನ ಬಾಯನ್ನು ಮಾತ್ರ ನೋಡುತ್ತಿದ್ದ. ಎರಡು ಸಲವೂ ಹೊಗೆ ಎದ್ದದ್ದು ಉದ್ದನೆಯ ನೇರ ರಸ್ತೆಯಲ್ಲಿ, ಟರ್ಬೋ ಪೂರ್ತಿ ಊದುವ ಜಾಗದಲ್ಲಿ. ಪ್ರತಿ ಸುತ್ತಿನಲ್ಲೂ ಕಾರು ಅಲ್ಲಿಗೆ ಬಂದಾಗ ಅವನು ಬೇಲಿಯ ತಂತಿಯನ್ನು ಬಿಗಿಹಿಡಿದ. ಕಾರು ಮುಂದೆ ಹೋದಾಗ ಬಿಟ್ಟ.

ಅರ್ಧ ಓಟ ಮುಗಿಯಿತು. ಹೊಗೆ ಇಲ್ಲ. ಅದಕ್ಕೂ ಮೇಲೆ ಎರಡು ಸುತ್ತಾಯಿತು. ಅಲ್ಲಿಂದಾಚೆ ಈ ಎಂಜಿನ್ನು ಎಂದೂ ಹೋಗಿರಲಿಲ್ಲ. ಅಷ್ಟು ಹೊತ್ತು ಕಾಪಾಡಿಕೊಂಡು ಓಡಿಸುತ್ತಿದ್ದ ಸಂಧ್ಯಾ ಅಲ್ಲಿಂದ ನಿಜವಾಗಿ ತುಳಿದಳು. ಬಿಸಿಲಿಗೆ ಬೇರೆ ಕಾರುಗಳು ಮೆತ್ತಗಾಗುತ್ತಿದ್ದವು. ಅವಳು ಒಂದನ್ನು ತಿರುವಿನಲ್ಲಿ ದಾಟಿದಳು, ಇನ್ನೊಂದನ್ನು ನೇರ ರಸ್ತೆಯಲ್ಲೇ ಪಕ್ಕಕ್ಕೆ ಬಿಟ್ಟು ಹೋದಳು. ಕೊನೆಯ ಸುತ್ತಿಗೆ ಮುಂದೆ ಉಳಿದದ್ದು ಒಂದು ಕೆಂಪು ಕಾರು. ಅದರವನು ಬ್ರೇಕ್ ಹಿಡಿದ ಕಡೆ ಇವಳು ಹಿಡಿಯಲಿಲ್ಲ. ತಿರುವಿನಿಂದ ಹೊರಬಂದಾಗ ಮುಂದಿದ್ದದ್ದು ದನದ ಡಾಕ್ಟರಮ್ಮನ ಕಾರು.

ಗೆಲುವಿನ ಬಾವುಟ ಬಿತ್ತು. ರಾಮಾಂಜಿನಯ್ಯ ಬೇಲಿ ಸುತ್ತಿಕೊಂಡು ಹೋಗುವ ತಾಳ್ಮೆಯಿಲ್ಲದೆ ಪಂಚೆ ಎತ್ತಿ ಕಟ್ಟಿ ಹಾರಿದ. ಕಾರು ನಿಂತ ಕೂಡಲೇ ಸೊಸೆಯನ್ನೂ ಮಾತಾಡಿಸದೆ ಬಾನೆಟ್ ಎತ್ತಿಸಿದ. ಎಂಜಿನ್ನು ಓಡುತ್ತಿದ್ದಂತೆಯೇ ಬಟ್ಟೆ ಹಿಡಿದು ಆಯಿಲ್ ಮುಚ್ಚಳ ತಿರುಗಿಸಿ, ಆ ತೂತಿನ ಮೇಲೆ ಅಂಗೈ ತಂದ. ರಿಂಗು ಹೋಗಿದ್ದರೆ ಅಲ್ಲಿಂದ ಹೊಗೆ ಭುಸ್ ಎಂದು ನುಗ್ಗಬೇಕು. ಬರೀ ಬಿಸಿ ತಾಗಿತು, ಅಷ್ಟೆ.

"ಕಲ್ಲು! ಕಲ್ಲಿದ್ದಂಗೈತೆ!" ಎಂದು ಅವನು ಕೂಗಿದ್ದು ಮೈಕಿನ ಸದ್ದನ್ನೂ ಮೀರಿ ಕೇಳಿಸಿತು.

ಕೃಷ್ಣಕುಮಾರ್ ಬಂದು ಕೈ ಕುಲುಕಿದ. "ಮುಂದಿನ ವರ್ಷ ನೀವು ಬರದೇ ಇದ್ರೆ ನಾನೇ ಬಂದು ಎಳ್ಕೊಂಡು ಬರ್ತೀನಿ ಮೇಡಂ. ಹೋಗಿ, ಗೆದ್ದೋರು ಒಂದು ಸುತ್ತು ಹಾಕ್ಬೇಕು."

ಸಂಧ್ಯಾ ಪಕ್ಕದ ಸೀಟಿನ ಬಾಗಿಲು ತೆರೆದಳು. "ಹತ್ತು ಮಾವ."

"ನಾನಾ? ಬ್ಯಾಡ ಬುಡು, ಮೈಯೆಲ್ಲ ಆಯಿಲು," ಎನ್ನುತ್ತಲೇ ಅವನು ಹತ್ತಿ ಕೂತ. ಯಾರೋ ತಲೆಗೆ ಹೆಲ್ಮೆಟ್ ತುರುಕಿದರು. ಮೊದಲ ತಿರುವಿನಲ್ಲಿ ಅವನು ಬಾಗಿಲ ಹಿಡಿಕೆ ಅವುಚಿಕೊಂಡು ಕಣ್ಣು ಮುಚ್ಚಿದ. ಗೆದ್ದವರ ಸುತ್ತೆಂದು ಸಂಧ್ಯಾ ನಿಧಾನವಾಗಿಯೇ ಹೋಗುತ್ತಿದ್ದಳು. ನೇರ ರಸ್ತೆ ಬಂತು. ರಾಮಾಂಜಿನಯ್ಯ ಕಣ್ಣು ಬಿಟ್ಟು, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಬೇಲಿಯಾಚೆ ಕೈ ಬೀಸುತ್ತಿದ್ದ ಜನರನ್ನು ನೋಡಿದ.

"ಏನಮ್ಮಣ್ಣಿ, ಎತ್ತಿನಗಾಡಿ ಹೊಡೀತಿದೀಯಾ? ತುಳಿ!"