ಅರಿಶಿನದ ಕೊಂಬು

"ನಿಜ ಹೇಳೋ ಓಬಣ್ಣ. ಡಾಕ್ಟ್ರು ನನ್ನ ಹೊರಗೆ ಕಳಿಸಿ ನಿನಗೇನಂದ್ರು?"

ಜಗಳೂರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಗಿಡ್ಡಮ್ಮ ಹೊಟ್ಟೆ ಹಿಡಿದು ಕೂತಿದ್ದಳು. ಮಗಳು ತಿಪ್ಪಮ್ಮ ನೀರು ತರಲು ಅತ್ತ ಹೋದದ್ದನ್ನು ನೋಡಿಯೇ ತಮ್ಮನನ್ನು ಕೇಳಿದ್ದಳು.

ಬೆಳಿಗ್ಗೆ ದಾವಣಗೆರೆಯಲ್ಲಿ ಡಾಕ್ಟರು ಹೇಳಿದ್ದು ಇಷ್ಟು: ಕ್ಯಾನ್ಸರ್, ಕೈಮೀರಿದೆ, ಯುಗಾದಿ ಕಂಡರೆ ಹೆಚ್ಚು. ಆಕೆಗೆ ಹೇಳಬೇಡಿ, ಧೈರ್ಯ ಕಳೆದುಕೊಳ್ಳುತ್ತಾಳೆ.

ಹೇಳಬೇಡಿ! ಓಬಣ್ಣ ಏನು ಸಾಮಾನ್ಯದವನೇ? ಅದೇ ಊರಿನ ಕಾಲೇಜಿನಲ್ಲಿ ಬಿ.ಎ. ಕೊನೇ ವರ್ಷ, ತತ್ವಶಾಸ್ತ್ರ. ಈ ಎಂಬತ್ತಾರನೇ ಇಸವಿಯಲ್ಲಿ ವೈದ್ಯರ ನೀತಿಯ ಕುರಿತು ಹೊಸ ಪಾಠ ಶುರುವಾದಾಗಿನಿಂದ ಅವನ ಬಾಯಿಗೆ ಬಿಡುವೇ ಇಲ್ಲ. ರೋಗ ರೋಗಿಯದು, ಅದರ ನಿಜವೂ ರೋಗಿಯದೇ, ಮುಚ್ಚಿಡಲು ನಾವ್ಯಾರು ಎಂದು ಹೋದ ವಾರವಷ್ಟೇ ತರಗತಿಯಲ್ಲಿ ಮೇಜು ಕುಟ್ಟಿದ್ದ. "ರೋಗಿ ನಿಮ್ಮನೆಯವರೇ ಆದರೆ?" ಎಂದು ಮೇಷ್ಟ್ರು ಕೇಳಿದ್ದಕ್ಕೆ, "ಆದ್ರೂನೂ ಸಾರ್" ಅಂದಿದ್ದ.

ಈಗ ಹೇಳಲಿ, ನೋಡೋಣ.

"ಯಾಕಕ್ಕ ಹಿಂಗೆ ಕೇಳ್ತೀಯ?"

"ಕೇಳ್ದೆ ಏನ್ಮಾಡ್ಲಿ? ಅವಳಪ್ಪ ಇಲ್ಲ. ನಾನೂ ಹೋದ್ರೆ ತಿಪ್ಪಿಗೆ ಸೋದರಮಾವ ನೀನು ಬಿಟ್ರೆ ಯಾರವ್ರೆ?" ಗಿಡ್ಡಮ್ಮ ಸೆರಗಿನ ಗಂಟು ಬಿಚ್ಚಿದಳು. ಹಳದಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು. "ಈರಣ್ಣನ ಗುಡಿ ಪೂಜಾರಿಗೆ ಹೇಳಿಟ್ಟೀನಿ. ನಾನು ಉಳಿಯಲ್ಲ ಅಂದಿದ್ರೆ ಇವತ್ತೇ ಇದನ್ನ ಅವಳ ಕೊರಳಿಗೆ ಕಟ್ಟಿಬಿಡು. ಇಲ್ಲಾಂದ್ರೆ ಓದಾಕೆ ಹೋಗ್ಲಿ."

ಒಂಬತ್ತನೇ ಕ್ಲಾಸಿನ ಹುಡುಗಿ. ಇವನೇ ತೊಟ್ಟಿಲು ತೂಗಿದ ಕೂಸು. ನಿಜ ಹೇಳಿದರೆ ಹುಡುಗಿಯ ಓದು ಅಲ್ಲಿಗೆ ಮುಗಿಯಿತು, ತನ್ನದೂ. ಸುಳ್ಳು ಹೇಳಿದರೆ ಅಕ್ಕ ಮಗಳನ್ನು ಯಾರ ಕೈಗೂ ಒಪ್ಪಿಸದೆ ಹೋಗುತ್ತಾಳೆ. ಆ ಸುಳ್ಳಾದರೂ ತಿಪ್ಪಿಗಾಗಿಯೋ, ತನಗಾಗಿಯೋ? ಥೂ, ಅದೂ ಅವನಿಗೆ ಗೊತ್ತಾಗಲಿಲ್ಲ.

"ಏನೂ ಇಲ್ಲಕ್ಕ, ಗ್ಯಾಸ್ಟ್ರಿಕ್ ಐತಂತೆ," ಅಂದ. "ಗುಳಿಗೆ ಕೊಟ್ಟವ್ರೆ."

ಗಿಡ್ಡಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ಬೇರೆ ಯಾರಂದ್ರೂ ನಂಬ್ತಿರಲಿಲ್ಲ ಕಣಪ್ಪ. ನೀನು ನೀತಿ-ನ್ಯಾಯನೇ ಓದೋನು, ಸುಳ್ಳಾಡಲ್ಲ."

ನೀರು ತಂದ ಮಗಳ ಕೆನ್ನೆ ಸವರಿದಳು. "ಬರೋ ವರ್ಷ ಎಸ್ಸೆಸ್ಸೆಲ್ಸಿಗೆ ನಾನೇ ಬುತ್ತಿ ಕಟ್ಟಿ ಕಳಿಸ್ತೀನಿ, ನೋಡ್ತಿರು."

ಊರಿನ ಬಸ್ಸು ಬಂತು. ಕೊಂಬನ್ನು ತಮ್ಮನ ಅಂಗೈಗೆ ಹಾಕಿ, "ಹಿಡ್ಕೋ, ಸಾರಿಗೆ ಕುಟ್ಟಿ ಹಾಕಿದ್ರಾತು," ಎಂದು ಎದ್ದಳು. ಬೆಳಿಗ್ಗೆ ಇಬ್ಬರು ಎತ್ತಿ ಕೂರಿಸಿದ್ದರು. ಈಗ ಕಂಬಿ ಹಿಡಿದು ಒಬ್ಬಳೇ ಹತ್ತಿದಳು.

"ಬಾರೋ, ಬಸ್ಸು ಹೊಂಟ್ತು!" ಎಂದು ಕಿಟಕಿಯಿಂದ ಕರೆದಳು.

ಓಬಣ್ಣ ಕೆಳಗೇ ನಿಂತಿದ್ದ. ಬೆವತ ಅಂಗೈ ಪೂರಾ ಹಳದಿಯಾಗಿತ್ತು.