ಗೆರೆಯ ಕೆಳಗೆ ಬರೆದ ಮಾತು

ಹಾಲು ಒಕ್ಕೂಟದ ಅಧ್ಯಕ್ಷ ದೌಲತರಾಯರಿಗೂ ಗೆರೆಗಳಿಗೂ ಆಗಿಬರುತ್ತಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಹಾಲು ಕೇಂದ್ರಗಳ ಲೆಕ್ಕ ದಿನಾ ಆಳಂದದ ಕಚೇರಿಯ ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳಾಗಿ ಮೂಡುತ್ತಿತ್ತು. ಅದಕ್ಕೆ ಡ್ಯಾಶ್‌ಬೋರ್ಡ್ ಎಂದು ಹೆಸರು. ಕಟ್ಟಿದವಳು ಕಿಣ್ಣಿ ಸುಲ್ತಾನ ಎಂಬ ಊರಿನ ವಿದ್ಯಾವತಿ, ನೋಡುವವಳೂ ಅವಳೊಬ್ಬಳೇ. ಅಧ್ಯಕ್ಷರು ಅದರ ಮುಂದೆ ಕೂತು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಅಮಾವಾಸ್ಯೆಯಂದು ಅದೂ ಇಲ್ಲ. ಹರಕೆಯೆಂದು ಹೆಂಡತಿಯೊಡನೆ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ನಡೆದುಬಿಡುತ್ತಿದ್ದರು.

“ತಂಗಿ, ಈ ಗೆರಿ ಏರತದ, ಇಳಿತದ. ಯಾಕ ಅಂತ ಬಾಯಿಬಿಟ್ಟು ಹೇಳಂಗಿಲ್ಲಲ್ಲ,” ಅಂದರು ಒಂದು ದಿನ.

ವಿದ್ಯಾವತಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಲೆಕ್ಕ ನೋಡಿ ಯಂತ್ರವೇ ಕನ್ನಡದಲ್ಲಿ ಎರಡು ಸಾಲು ಬರೆಯುವ ಹಾಗೆ ಪ್ರತಿ ಗೆರೆಯ ಕೆಳಗೂ ಏರ್ಪಾಟು ಮಾಡಿದಳು. ಏನಾಯಿತೆಂದು ಬರೆ ಅಂದಿದ್ದರೆ ಸಾಕಿತ್ತು. ಅಧ್ಯಕ್ಷರು ಮೆಚ್ಚಲಿ ಎಂದು ಕಾರಣವನ್ನೂ ಬರೆ ಅಂದಳು. ಯಂತ್ರಕ್ಕೇನು, ಕೇಳಿದರೆ ಬರೆಯುತ್ತದೆ. ಗೊತ್ತಿಲ್ಲ ಎನ್ನುವುದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ದೌಲತರಾಯರಿಗೆ ಖುಷಿಯೋ ಖುಷಿ. ತಮ್ಮೂರು ಅಂದೋಲಾದಲ್ಲಿ ಹಾಲು ಹೆಚ್ಚಿದೆ, ಮೇವು ಚೆನ್ನಾಗಿದೆ ಎಂಬ ಸಾಲನ್ನಂತೂ ಬಂದವರಿಗೆಲ್ಲ ಓದಿ ಹೇಳಿದರು. ಹಾಗೆ ಓದುತ್ತ ಘತ್ತರಗಿ ಕೇಂದ್ರದ ಸಾಲಿಗೆ ಬಂದರು.

‘ಪ್ರತಿ ತಿಂಗಳು ಒಂದು ದಿನ ಹಾಲು ಬಹುತೇಕ ನಿಂತೇಹೋಗುತ್ತದೆ. ಕಾರ್ಯದರ್ಶಿ ಆ ದಿನದ ಹಾಲನ್ನು ಹೊರಗೆ ಮಾರುತ್ತಿರುವ ಅನುಮಾನವಿದೆ.’

ಯಂತ್ರ ಅನುಮಾನ ಅಂದದ್ದನ್ನು ಅವರು ತೀರ್ಪೆಂದೇ ತಿಳಿದರು. “ಅದು ಬರೇ ಅನುಮಾನರಿ, ಅಷ್ಟ,” ಎಂದು ವಿದ್ಯಾವತಿ ಹೇಳಿ ನೋಡಿದಳು.

“ಕಂಪ್ಯೂಟರಿಗೇನು ಆಕಿ ಜೋಡಿ ದುಶ್ಮನಿ ಅದ ಏನು? ಮುಂದಿನ ಮೀಟಿಂಗ್‌ದಾಗ ಆಕೀನ ತೆಗೆದುಬಿಡೂನು.”

ಆಕೆ ಅಂದರೆ ಆ ಕಾರ್ಯದರ್ಶಿ, ಸುವರ್ಣಾ. ಮನೆಮನೆ ತಿರುಗಿ ಹೆಂಗಸರನ್ನು ಒಪ್ಪಿಸಿ ಘತ್ತರಗಿಯ ಕೇಂದ್ರ ಕಟ್ಟಿದವಳು. ಬರೀ ಕೆಲಸ ಹೋದರೆ ಹೇಗೋ ನಡೆದೀತು. ಕಳ್ಳಿ ಎನ್ನಿಸಿಕೊಂಡು ಅದೇ ಓಣಿಯಲ್ಲಿ ಬಾಳಬೇಕಲ್ಲ. ವಿದ್ಯಾವತಿಗೆ ಊಟ ಸೇರಲಿಲ್ಲ. ಆ ಸಾಲನ್ನು ತಾನೇ ಕೈಯಾರೆ ಬರೆದಷ್ಟು ನಾಚಿಕೆಯಾಯಿತು.

ಸುವರ್ಣಾಳನ್ನೇ ಕೇಳಿಬಿಡೋಣವೆಂದು ಒಂದು ಮುಂಜಾನೆ ಅಫಜಲಪುರದ ಬಸ್ಸು ಹಿಡಿದಳು. ಅಲ್ಲಿಂದ ಮುಂದಿನ ಟಂಟಂ ಆಟೋದಲ್ಲಿ ಕಾಲಿಡಲು ಜಾಗವಿಲ್ಲ. ಇಷ್ಟೇಕೆ ಗದ್ದಲ ಎಂದು ಕೇಳಿದ್ದಕ್ಕೆ ಪಕ್ಕದ ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಇವತ್ತ ಅಮಾಸಿ ಬೇ. ಮರ್ತಿಯೇನು?”

ಮರೆತಿದ್ದಳು. ಕಚೇರಿಗೆ ಸೇರಿದ ಮೇಲೆ ತಾರೀಕು ಬಿಟ್ಟು ಬೇರೇನನ್ನೂ ಅವಳು ಲೆಕ್ಕಕ್ಕೆ ಇಟ್ಟಿರಲಿಲ್ಲ. ಅವಳ ಯಂತ್ರವೂ ಅಷ್ಟೇ.

ಘತ್ತರಗಿಯಲ್ಲಿ ಕೇಂದ್ರದ ಕ್ಯಾನುಗಳು ಖಾಲಿ. ಗುಡಿಯ ದಾರಿಯಲ್ಲಿ ಸುವರ್ಣಾ ದೊಡ್ಡ ಹಂಡೆಯ ಮುಂದೆ ಕೂತು ಉರಿ ಹಾಕುತ್ತಿದ್ದಳು. ಊರ ಹೆಂಗಸರು ತಂಬಿಗೆಯಲ್ಲಿ ಹಾಲು ತಂದು ಅದರಲ್ಲಿ ಸುರಿದು, ಹಿಂತಿರುಗಿ ನೋಡದೆ ಹೋಗುತ್ತಿದ್ದರು. ನಡೆದು ಬಂದ ಯಾತ್ರಿಕರು ಬೆಲ್ಲದ ಹಾಲು ಕುಡಿದು ಮುಂದೆ ಸಾಗುತ್ತಿದ್ದರು. ಅಳೆಯುವವರಿಲ್ಲ, ಹೆಸರು ಕೇಳುವವರಿಲ್ಲ.

“ಇದನ್ನ ಒಂದು ಮಾತು ಹೇಳಿದ್ರ ಮುಗೀತಿತ್ತಲ್ರಿ, ಸುವರ್ಣಾ. ಅಲ್ಲಿ ನಿಮ್ಮನ್ನ ತೆಗೀಬೇಕಂತ ನಡೆಸ್ಯಾರ.”

“ಹ್ಯಾಂಗ ಹೇಳಲ್ರಿ ಅಕ್ಕಾ? ಅಮಾಸಿ ಹಾಲು ನಾವು ಅಳಿಯಂಗಿಲ್ಲ, ಕೊಟ್ಟೇವಂತ ಹೇಳಂಗೂ ಇಲ್ಲ. ಹೇಳಿದ್ರ ಮಾರಿದಂಗ ಆಗ್ತದ.” ಸುವರ್ಣಾ ಒಂದು ಲೋಟ ಅವಳ ಕೈಗಿಟ್ಟಳು. “ತೆಗೆದ್ರ ತೆಗೀಲಿ ಬಿಡ್ರಿ. ನೀವೂ ಬಾಯಿ ಬಿಡಬ್ಯಾಡ್ರಿ.”

ಕುಡಿದ ಮೇಲೆ ಒಪ್ಪದೆ ವಿಧಿಯಿಲ್ಲ. ವಾಪಸ್ ಬರುವ ದಾರಿಯುದ್ದಕ್ಕೂ ವಿದ್ಯಾವತಿಗೆ ಅದೇ ಚಿಂತೆ. ಹೇಳುವಂತಿಲ್ಲ, ಸುಮ್ಮನಿದ್ದರೆ ಸುವರ್ಣಾ ಉಳಿಯುವುದಿಲ್ಲ. ಯೋಚಿಸಿ ಯೋಚಿಸಿ, ಕೊನೆಗೆ ತನ್ನ ತಪ್ಪನ್ನಷ್ಟೇ ತಿದ್ದಲು ಕೂತಳು. ತಾರೀಕಿನ ಜೊತೆಗೆ ಪಂಚಾಂಗದ ತಿಥಿಯನ್ನೂ ಯಂತ್ರಕ್ಕೆ ಕೊಟ್ಟಳು. ಕಂಡದ್ದನ್ನು ಬರೆ, ಕಾರಣ ಲೆಕ್ಕದಲ್ಲಿ ಸಿಗದಿದ್ದರೆ ಗೊತ್ತಿಲ್ಲ ಎಂದೇ ಬರೆ ಎಂದು ಅಪ್ಪಣೆ ಬದಲಿಸಿದಳು. ಅದು ಏನು ಬರೆದೀತೋ ಎಂಬ ಅಂಜಿಕೆಯಲ್ಲೇ ಸಭೆಗೆ ಹೋದಳು.

ಸಭೆಯಲ್ಲಿ ದೌಲತರಾಯರು ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು. “ಘತ್ತರಗಿಯಲ್ಲಿ ಅಮಾವಾಸ್ಯೆಯ ದಿನ ಮಾತ್ರ ಹಾಲು ಬರುವುದಿಲ್ಲ. ಕಾರಣ ಗೊತ್ತಿಲ್ಲ.”

“ಗೊತ್ತಿಲ್ಲಂತ ಹೇಳಾಕ ಕಂಪ್ಯೂಟರ್ ಯಾಕ ಬೇಕ್ರಿ?” ಎಂದು ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. ಇನ್ನೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲಿ.

“ನಿನಗ ಗೊತ್ತದೇನು ತಂಗಿ?”

“ಗೊತ್ತದ್ರಿ. ಆದ್ರ ಹೇಳಂಗಿಲ್ರಿ.”

ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ ಕೂತರು. ಸುವರ್ಣಾನ ಮಾತು ಇಲ್ಲಿಗೇ ಬಿಡ್ರಿ ಎಂದು ಸಭೆಗೆ ಹೇಳಿದರು. ಆಮೇಲೆ ವಿದ್ಯಾವತಿಗಷ್ಟೇ ಕೇಳುವಂತೆ ದನಿ ತಗ್ಗಿಸಿದರು.

“ಆ ಗುಡಿ ದಾರ್ಯಾಗ ವರ್ಷಾನುಗಟ್ಲೆ ಕುಡಿದೇನಿ ತಂಗಿ. ಯಾರ ಮನಿ ಹಾಲು ಅಂತ ಒಂದಿನಾನೂ ಕೇಳಲಿಲ್ಲ.”